ಮೂಲೆಯಲ್ಲಿ ಇಡೀ ಹೂವು

“ಅತ್ತುಬಿಟ್ರೆ ಡ್ರಾಯಿಂಗ್ ನಿಂದಾಗಿಬಿಡಲ್ಲ, ಧೃತಿ,” ಎಂದರು ರಾಮಾನುಜ.

ಧೃತಿ ಅಳುತ್ತಿರಲಿಲ್ಲ. ಕಣ್ಣು ಕೆಂಪಾಗಿದ್ದವು ನಿಜ. ಅದು ನಿದ್ದೆಗೆಟ್ಟ ಕೆಂಪು ಎನ್ನುವುದು ಎದುರಿಗೆ ಕೂತಿದ್ದ ಚೂಡಾಮಣಿಗೆ ಮಾತ್ರ ತಿಳಿಯಿತು. ಎನ್.ಆರ್. ಕಾಲೋನಿಯ ತನ್ನ ಮನೆಯ ಮುಂಗೋಣೆಯಲ್ಲೇ ಪತ್ತೇದಾರಿಕೆ ನಡೆಸುವ, ಧೃತಿಯ ತಾಯಿ ಕರೆತಂದಿದ್ದ ಆಕೆ, ಮನುಷ್ಯರ ಮುಖವನ್ನು ಒಲೆಯ ಮೇಲಿಟ್ಟ ಹಾಲಿನ ಹಾಗೆ ನೋಡುತ್ತಿದ್ದಳು. ಯಾವಾಗ ಉಕ್ಕುತ್ತದೆ ಎಂದು ಕಾಯುವುದರಲ್ಲಿ ಅವಳಿಗೆ ಬೇಸರವಿರಲಿಲ್ಲ.

“ನಾನು ಅಳ್ತಿಲ್ಲ ಸರ್,” ಎಂದಳು ಧೃತಿ. “ಕಾಯ್ತಿದೀನಿ.”

“ಏನಕ್ಕೆ?”

“ನೀವು ನಿಜ ಹೇಳೋದಕ್ಕೆ.”

ಪಕ್ಕದಲ್ಲಿ ಕೂತಿದ್ದ ತಾಯಿ ದಾಕ್ಷಾಯಣಮ್ಮ ಮಗಳ ಮೊಣಕೈ ಹಿಡಿದು ಒತ್ತಿದರು. ಸುಮ್ಮನಿರು ಎಂದಲ್ಲ, ಹಾಗೇ ಹೇಳು ಎಂದು.

ಚಾಮರಾಜಪೇಟೆಯ ಜ್ಞಾನವರ್ಧಿನಿ ವಾಚನಾಲಯದ ದೊಡ್ಡ ಹಜಾರ ಅದು. ಗೋಡೆಗೆ ಎರಡು ಹಾಳೆಗಳನ್ನು ಅಕ್ಕಪಕ್ಕದಲ್ಲಿ ತೂಗುಹಾಕಿದ್ದರು. ಎರಡರಲ್ಲೂ ಇದೇ ವಾಚನಾಲಯ. ಬಿರುಕು, ಪಾಚಿ, ಸೋರುವ ಮಾಡು ಎಲ್ಲ ಹೋಗಿ, ರಿಪೇರಿಯಾಗಿ ನಿಂತಾಗ ಹೇಗೆ ಕಾಣುತ್ತದೆ ಎಂಬ ಚಿತ್ರ. ಸೈಜುಗಲ್ಲಿನ ಗೋಡೆ, ಮಂಗಳೂರು ಹೆಂಚಿನ ಮಾಡು, ಮುಂದೆ ಹೊಂಗೆ ಮರದ ನೆರಳು. ಒಂದಕ್ಕೆ ಎಡಬದಿಯಲ್ಲೂ ಮೇಲ್ಗಡೆಯೂ ಅಗಲವಾದ ಬಿಳಿ ಪಟ್ಟಿ, ಎಡಗಡೆಯದರಲ್ಲಿ ಧೃತಿಯ ಹೆಸರು. ಇನ್ನೊಂದಕ್ಕೆ ಪಟ್ಟಿಯೇ ಇರಲಿಲ್ಲ. ಕೆಳಗಿನ ಮೂಲೆಯಲ್ಲಿ ಮಲ್ಲೇಶ್ವರದ ರಾಮಾನುಜರ ಆಫೀಸಿನ ಮುದ್ರೆ. ಉಳಿದಂತೆ ಅವಳಿ ಮಕ್ಕಳು.

ಇಬ್ಬರಲ್ಲಿ ಒಬ್ಬರು ಕದ್ದಿದ್ದಾರೆ. ಧೃತಿ ಕದ್ದವಳೆಂದಾದರೆ ವಾಚನಾಲಯ ನಡೆಸುತ್ತಿರುವ ಈ ವಿನ್ಯಾಸ ಸ್ಪರ್ಧೆಯಿಂದ ಹೊರಬೀಳುವುದಷ್ಟೇ ಅಲ್ಲ, ಊರಿನ ಯಾವ ಆರ್ಕಿಟೆಕ್ಟ್ ಆಫೀಸಿನ ಬಾಗಿಲೂ ಅವಳಿಗೆ ತೆರೆಯುವುದಿಲ್ಲ. ತೀರ್ಮಾನ ಇವತ್ತೇ.

ಹನುಮಂತನಗರದ ಮನೆಯ ಮಹಡಿ ಕೋಣೆಯಿಂದ ಧೃತಿಯ ಕಂಪ್ಯೂಟರ್ ಕಳುವಾದ ಮೇಲೆ ಅವಳ ಕೈಯಲ್ಲಿ ಉಳಿದದ್ದು ಸ್ವಾಭಿಮಾನ ಒಂದೇ. ಗೋಡೆ, ಮಾಡು, ನೆರಳು ಎಂದು ಬೇರೆಬೇರೆ ಪದರಗಳಿದ್ದ ಮೂಲ ಫೈಲು ಅದರ ಜೊತೆಯೇ ಹೋಗಿತ್ತು. ವಾಚನಾಲಯಕ್ಕೆ ಇಬ್ಬರೂ ಒಪ್ಪಿಸಿದ್ದ ಸಿ.ಡಿ.ಗಳಲ್ಲಿ ಇದ್ದದ್ದು ಪದರಗಳೆಲ್ಲ ಅಂಟಿಕೊಂಡು ಒಂದೇ ಆದ ಚಿತ್ರ. ಅದರಿಂದ ಪದರ ಬಿಡಿಸುವುದೆಂದರೆ ಹಪ್ಪಳದ ಹಿಟ್ಟಿನಿಂದ ಉಪ್ಪನ್ನು ಬೇರೆ ಮಾಡಿದ ಹಾಗೆ.

“ಮತ್ತೊಂದ್ಸಲ ಹೇಳ್ತೀನಿ,” ರಾಮಾನುಜ ಅಧ್ಯಕ್ಷರ ಕಡೆ ತಿರುಗಿದರು. “ಈ ಹುಡುಗಿ ಹೋದ ವರ್ಷದವರೆಗೂ ನನ್ನ ಆಫೀಸಲ್ಲಿದ್ಲು. ಡ್ರಾಯಿಂಗ್ ಅಲ್ಲೇ ಆಗಿದ್ದು. ಆ ಕಲ್ಲಿನ ಪ್ಯಾಟರ್ನ್ ನೋಡಿ. ನನ್ನ ಆಫೀಸಿನ ಎಲ್ಲಾ ಕಂಪ್ಯೂಟರಲ್ಲೂ ಇದೆ. ಬೇಕಿದ್ರೆ ಇದರಲ್ಲೇ ತೋರಿಸ್ತೀನಿ.” ಮುಂದಿದ್ದ ದಪ್ಪನೆಯ ಲ್ಯಾಪ್‌ಟಾಪಿನ ಬೆನ್ನು ತಟ್ಟಿದರು.

ಅಧ್ಯಕ್ಷ ರೇವಣಸಿದ್ದಯ್ಯನವರು ಕನ್ನಡಕ ಒರೆಸಿಕೊಂಡರು. ನಿವೃತ್ತ ಹೆಡ್ಮಾಸ್ತರು, ದಾಕ್ಷಾಯಣಮ್ಮನ ಬೀದಿಯವರೇ. ಬೆಳಗಿನಿಂದ ಎಲ್ಲರಿಗೂ ಎರಡು ಸಲ ಕಾಫಿ ಕೊಡಿಸಿದ್ದರು. “ನೋಡಿ ಸ್ವಾಮಿ, ಕಂಪ್ಯೂಟರ್ ಅಂದ್ರೆ ನಂಗೆ ಟೈಪ್‌ರೈಟರ್ ಮೇಲೆ ಟಿ.ವಿ. ಕೂರಿಸಿದ ಹಾಗೆ. ಇವತ್ತಿನವರೆಗೂ ಅದನ್ನ ಮುಟ್ಟಿದೋನಲ್ಲ. ಪ್ಯಾಟರ್ನು ಅಂದ್ರೇನಮ್ಮಾ ಧೃತಿ? ಮೇಷ್ಟ್ರಿಗೆ ಪಾಠ ಹೇಳು.”

ಧೃತಿಯ ಬೆನ್ನು ನೆಟ್ಟಗಾಯಿತು. ಕೆಲಸದ ಮಾತು ಬಂದರೆ ಸಾಕು, ಈ ಹುಡುಗಿಯ ದನಿ ಬೇರೆಯಾಗುತ್ತದೆ ಎಂದುಕೊಂಡಳು ಚೂಡಾಮಣಿ.

“ಗೋಡೇಲಿರೋ ಒಂದೊಂದು ಕಲ್ಲನ್ನೂ ಕೂತು ಬರಿಯೋಕ್ಕಾಗಲ್ಲ ಸರ್. ಗೋಡೆಯ ಒಂದು ತುಂಡು ಮಾಡ್ಕೋತೀವಿ. ಅದರ ಬಲಗಡೆ ಅಂಚು ಎಡಗಡೆ ಅಂಚಿಗೆ ಕೂಡಬೇಕು, ಮೇಲಿಂದು ಕೆಳಗಿಂದಕ್ಕೆ ಕೂಡಬೇಕು. ಆಮೇಲೆ ಫೋಟೋಶಾಪಲ್ಲಿ ಗೋಡೆ ಆಕಾರ ಆರಿಸಿ ಫಿಲ್ ಅಂದ್ರೆ, ಆ ತುಂಡೇ ಪಕ್ಕಪಕ್ಕ ಕೂತು ಗೋಡೆ ಪೂರ್ತಿ ತುಂಬುತ್ತೆ. ರಂಗೋಲಿ ಅಚ್ಚು ಉರುಳಿಸಿದ ಹಾಗೆ. ಕೂಡಿದ ಜಾಗ ಯಾರಿಗೂ ಕಾಣಬಾರದು. ಅದೇ ಕಷ್ಟ.”

“ಇವಳದ್ದು ಕಾಣಲ್ಲ,” ಎಂದರು ದಾಕ್ಷಾಯಣಮ್ಮ, ಯಾರೂ ಕೇಳದಿದ್ದರೂ. “ಬಸವನಗುಡಿ ಕಾಂಪೌಂಡುಗಳನ್ನೆಲ್ಲ ಸುತ್ತಿ ಸುತ್ತಿ ಫೋಟೋ ಹೊಡ್ಕೊಂಡು ಬಂದ್ಲು. ಜನ ಇವಳಿಗೆ ತಲೆ ಕೆಟ್ಟಿದೆ ಅಂದ್ಕೊಂಡ್ರು.”

“ಅಮ್ಮಾ.”

“ಇರೋದನ್ನೇ ಹೇಳ್ದೆ ಕಣೇ.”

ಆ ಕಲ್ಲುಗಳಲ್ಲಿ ಒಂದರ ಮೇಲೆ ಸಣ್ಣ ನೀಲಿ ಚುಕ್ಕಿಯಿತ್ತು. ಯಾರೋ ಗೇಟಿಗೆ ಬಣ್ಣ ಬಳಿಯುವಾಗ ಸಿಡಿದದ್ದು. ಧೃತಿ ಅದನ್ನು ಅಳಿಸಿರಲಿಲ್ಲ. ಅದು ಆ ಗೋಡೆಯ ದೃಷ್ಟಿಬೊಟ್ಟು ಎನ್ನುತ್ತಿದ್ದಳು. ಎರಡು ಹಾಳೆಗಳಲ್ಲೂ ಆ ಬೊಟ್ಟು ಸಾಲಾಗಿ ಮಿನುಗುತ್ತಿತ್ತು.

“ಪ್ಯಾಟರ್ನ್ ನಿಮ್ಮ ಆಫೀಸಲ್ಲಿದ್ದಾಗಲೇ ಮಾಡಿದ್ದು ಸರ್, ಒಪ್ಕೋತೀನಿ,” ಎಂದಳು. “ಡ್ರಾಯಿಂಗ್ ಅಲ್ಲ.”

“ಅದನ್ನ ತೋರಿಸಿಕೊಡು.”

ರೇವಣಸಿದ್ದಯ್ಯನವರು ನಿಟ್ಟುಸಿರಿಟ್ಟರು. “ಇನ್ನೊಂದು ಲೋಟ ಕಾಫಿ ಕುಡಿಯೋಣ. ಆಮೇಲೆ ನಾನು ಹೇಳಬೇಕಾದ್ದನ್ನ ಹೇಳಿಬಿಡ್ತೀನಿ. ಬೇಜಾರು ಮಾಡ್ಕೋಬೇಡಮ್ಮ.”

ಅವರ ದನಿಯಲ್ಲಿ ತೀರ್ಮಾನ ಆಗಲೇ ಆಗಿಹೋಗಿತ್ತು.

ಚೂಡಾಮಣಿ ಲೋಟ ಹಿಡಿದು ಎದ್ದಳು. ಕೂತಲ್ಲಿ ಯೋಚನೆ ಹತ್ತದಿದ್ದರೆ ಅವಳು ನಡೆಯುತ್ತಾಳೆ. ಹಜಾರದ ನೆಲಕ್ಕೆ ಹಳೆಯ ಕಾಲದ ಹೂವಿನ ಟೈಲ್ಸು ಹಾಸಿದ್ದರು. ಬಿಳಿಯ ಮೇಲೆ ಕಪ್ಪು ಎಂಟೆಸಳು. ಬಾಗಿಲ ಬಳಿಯ ಮೂಲೆಯಲ್ಲಿ ಹೂವು ಇಡಿಯಾಗಿತ್ತು. ಅಲ್ಲಿಂದ ಗೋಡೆಯುದ್ದಕ್ಕೂ ಇಡೀ ಇಡೀ ಹೂವುಗಳು. ಹಜಾರದ ಆ ತುದಿಗೆ ಬಂದಾಗ ಅವಳ ಕಾಲು ನಿಂತಿತು.

ಅಲ್ಲಿ ಗೋಡೆಯ ಬುಡದಲ್ಲಿ ಹೂವು ಅರ್ಧವೇ ಇತ್ತು.

“ಇದೇನು, ಇಲ್ಲಿ ಹೂವು ಕತ್ತರಿಸಿ ಹೋಗಿದೆಯಲ್ಲ?”

“ಆ ಗೋಡೆ ಆಮೇಲೆ ಕಟ್ಟಿದ್ದು,” ಎಂದರು ರೇವಣಸಿದ್ದಯ್ಯನವರು. “ಆಫೀಸಿಗೆ ರೂಮು ಬೇಕು ಅಂತ ಮಧ್ಯದಲ್ಲಿ ಎಬ್ಬಿಸಿದ್ರು. ಟೈಲ್ಸ್ ಹಾಕೋರು ಯಾವಾಗ್ಲೂ ಮೂಲೆಯಿಂದ ಇಡೀ ಟೈಲ್ಸ್ ಇಡ್ತಾ ಬರ್ತಾರೆ. ಅರ್ಧ ಹೂವು ಕಂಡ್ರೆ ಗೋಡೆ ಹೊಸದು ಅಂತ ಲೆಕ್ಕ.”

ಚೂಡಾಮಣಿ ಆ ಅರ್ಧ ಹೂವನ್ನು ನೋಡಿದಳು. ಗೋಡೆಯ ಮೇಲಿನ ಎರಡು ಹಾಳೆಗಳನ್ನು ನೋಡಿದಳು. ಒಂದಕ್ಕೆ ಪಟ್ಟಿ ಇದೆ, ಇನ್ನೊಂದಕ್ಕೆ ಇಲ್ಲ.

“ಧೃತಿ,” ಎಂದಳು ಮೆಲ್ಲಗೆ. “ನಿನ್ನ ಫೋಟೋಶಾಪು ಕಲ್ಲು ಇಡೋಕೆ ಎಲ್ಲಿಂದ ಶುರು ಮಾಡುತ್ತೆ?”

“ಎಲ್ಲಿಂದ ಅಂದ್ರೆ?”

“ಟೈಲ್ಸಿನೋರು ಮೂಲೆ ಹಿಡೀತಾರೆ. ನಿನ್ನದು? ಗೋಡೆಗೆ ಕಲ್ಲು ತುಂಬು ಅಂದ್ರೆ, ಗೋಡೆ ಮೂಲೆಯಿಂದ ಶುರು ಮಾಡುತ್ತೋ?”

“ಇಲ್ಲ ಆಂಟಿ. ಗೋಡೆ ಎಲ್ಲೇ ಇರಲಿ, ಅದು ಲೆಕ್ಕ ಹಿಡಿಯೋದು ಹಾಳೆಯ ಎಡಗಡೆ ಮೇಲಿನ ಮೂಲೆ…”

ಮಾತು ಅಲ್ಲೇ ನಿಂತಿತು. ಹಾಲು ಉಕ್ಕುವುದನ್ನು ಚೂಡಾಮಣಿ ಕಣ್ಣಾರೆ ಕಂಡಳು.

“ಅಯ್ಯೋ!” ಧೃತಿ ಎದ್ದುನಿಂತಳು. “ಅಯ್ಯೋ, ನಾನೆಂಥಾ ದಡ್ಡಿ! ಸರ್, ನಿಮ್ಮ ಲ್ಯಾಪ್‌ಟಾಪ್ ಕೊಡ್ತೀರಾ?”

ರಾಮಾನುಜರ ಹುಬ್ಬು ಗಂಟಿಕ್ಕಿತು. “ಏನು ಮಾಡ್ತೀಯ?”

“ನಿಮ್ಮದೇ ಕಂಪ್ಯೂಟರ್, ನಿಮ್ಮದೇ ಆಫೀಸಿನ ಪ್ಯಾಟರ್ನ್. ನೀವು ಪಕ್ಕದಲ್ಲೇ ಕೂತ್ಕೊಳ್ಳಿ. ನಾನು ಮೋಸ ಮಾಡಿದ್ರೆ ಕೈ ಹಿಡೀರಿ.”

ರಾಮಾನುಜ ಲ್ಯಾಪ್‌ಟಾಪನ್ನು ಅವಳ ಮುಂದಕ್ಕೆ ತಳ್ಳಿದರು. ಹೆಂಗಸರು ಕುರ್ಚಿ ಎಳೆದುಕೊಂಡು ಹತ್ತಿರ ಬಂದರು; ಅಧ್ಯಕ್ಷರು ಮೇಜಿನ ತುದಿಯ ತಮ್ಮ ಕುರ್ಚಿಯಿಂದಲೇ ಬಗ್ಗಿ ನೋಡಿದರು.

ಮೊದಲು ರಾಮಾನುಜರ ಸಿ.ಡಿ. ಹಾಕಿ ಚಿತ್ರ ತೆರೆದಳು. ಅದರ ಮೇಲೆ ಒಂದು ಖಾಲಿ ಪದರ ಹಾಸಿ ನೀಲಿ ಚುಕ್ಕಿಯ ಕಲ್ಲನ್ನು ತುಂಬಿದಳು. ಪರದೆ ತುಂಬ ಕಲ್ಲೇ ಕಲ್ಲು. ಆಮೇಲೆ ಆ ಪದರವನ್ನು ತೆಳುವಾಗಿಸಿದಳು, ನೀರಿನಲ್ಲಿ ನೆನೆದ ಮಲ್ಲು ಬಟ್ಟೆಯಂತೆ. ಕೆಳಗಿನ ಗೋಡೆ ಕಾಣಿಸತೊಡಗಿತು.

“ಕಣ್ಣು ಮಂಜಾಯ್ತಲ್ಲೇ,” ಎಂದರು ದಾಕ್ಷಾಯಣಮ್ಮ.

ಮಂಜಾದದ್ದು ಕಣ್ಣಲ್ಲ. ಪ್ರತಿ ಕಲ್ಲೂ ಎರಡೆರಡಾಗಿ ಕಾಣುತ್ತಿತ್ತು. ಮೇಲಿನ ಕಲ್ಲು ಕೆಳಗಿನ ಸಂದಿಯ ಮೇಲೆ ಕೂತಿತ್ತು. ಒಂದು ಚುಕ್ಕಿಯ ಪಕ್ಕ ಇನ್ನೊಂದು ಚುಕ್ಕಿ.

“ಈ ಹಾಳೇಲೇ ಈ ಗೋಡೆ ತುಂಬಿದ್ರೆ ಒಂದರ ಮೇಲೊಂದು ಕೂತ್ಕೋಬೇಕಿತ್ತು,” ಎಂದಳು ಧೃತಿ. “ಕೂತಿಲ್ಲ. ಈಗ ನನ್ನದು.”

ತನ್ನ ಸಿ.ಡಿ. ಹಾಕಿದಳು. ಅದೇ ಖಾಲಿ ಪದರ, ಅದೇ ಕಲ್ಲು. ತೆಳುವಾಗಿಸಿದಳು.

ಏನೂ ಆಗಲಿಲ್ಲ. ಗೋಡೆ ಗೋಡೆಯಾಗಿಯೇ ಇತ್ತು. ಮೇಲೆ ಹಾಸಿದ ಕಲ್ಲು ಕೆಳಗಿನ ಕಲ್ಲಿನೊಳಗೆ ಕರಗಿ ಹೋಗಿತ್ತು. ಚುಕ್ಕಿಯ ಮೇಲೆ ಚುಕ್ಕಿ, ಸಂದಿಯ ಮೇಲೆ ಸಂದಿ.

ದಾಕ್ಷಾಯಣಮ್ಮನಿಗೆ ಅರ್ಥವಾದದ್ದು ಎಷ್ಟೋ. ಆದರೂ ಅವರು ಸೆರಗು ಸರಿಮಾಡಿಕೊಂಡು, ಹಜಾರದಲ್ಲಿದ್ದ ಎಲ್ಲರನ್ನೂ ಒಮ್ಮೆ ನೋಡಿದರು.

ರಾಮಾನುಜ ಸುಲಭಕ್ಕೆ ಬಗ್ಗುವವರಲ್ಲ. “ಫಿಲ್ ಮಾಡಿದ ಮೇಲೆ ಗೋಡೇನ ಸ್ವಲ್ಪ ಸರಿಸಿರಬಹುದು. ಯಾರು ಬೇಕಾದ್ರೂ ಸರಿಸ್ತಾರೆ. ಅದೊಂದು ಸಾಕ್ಷೀನಾ?”

“ಗೋಡೆ ಒಂದನ್ನೇ ಸರಿಸಿರಬಹುದು ಸರ್. ಮಾಡು?” ಅವರ ಚಿತ್ರದ ಮೇಲೆ ಆಫೀಸಿನದೇ ಹೆಂಚಿನ ಪ್ಯಾಟರ್ನ್ ಹಾಸಿದಳು. ಹೆಂಚುಗಳೂ ಎರಡೆರಡಾಗಿ ಕಂಡವು. “ಹುಲ್ಲು?” ಹುಲ್ಲೂ ಹಾಗೆಯೇ. “ಎಲ್ಲಾನೂ ಯಾಕೆ ಸರ್ ತಪ್ಪಿದೆ? ಈಗ ನೋಡಿ.”

ತನ್ನ ಹಾಳೆಯ ಎಡಗಡೆ ಮತ್ತು ಮೇಲಿನ ಪಟ್ಟಿಗಳ ಅಗಲ ಎಷ್ಟಿತ್ತೋ, ರಾಮಾನುಜರ ಹಾಳೆಯ ಎಡಕ್ಕೂ ಮೇಲಕ್ಕೂ ಅಷ್ಟೇ ಅಗಲದ ಖಾಲಿ ಜಾಗ ಸೇರಿಸಿದಳು. ಹಾಳೆ ದೊಡ್ಡದಾಯಿತು, ಮೂಲೆ ಆಚೆಗೆ ಸರಿಯಿತು. ಮತ್ತೆ ಕಲ್ಲು ತುಂಬಿದಳು.

ಕಲ್ಲಿನ ಮೇಲೆ ಕಲ್ಲು ಕೂತಿತು. ಹೆಂಚಿನ ಮೇಲೆ ಹೆಂಚು. ಹುಲ್ಲಿನ ಮೇಲೆ ಹುಲ್ಲು.

ಹೊರಗೆ ಉಪ್ಪಿನವನ ಸೈಕಲ್ಲು ಗಂಟೆ ಬಾರಿಸಿಕೊಂಡು ಹೋಯಿತು.

ಮೇಲಿನ ಪದರ ತೆಗೆದಾಗ ಪರದೆಯ ಎಡಗಡೆಯಲ್ಲಿ ಉದ್ದಕ್ಕೆ ಒಂದು ಬಿಳಿ ಪಟ್ಟಿ ಖಾಲಿ ನಿಂತಿತ್ತು. ಧೃತಿ ಅದರ ಮೇಲೆ ಬೆರಳಿಟ್ಟಳು.

“ಇಲ್ಲಿ ನನ್ನ ಹೆಸರಿತ್ತು. ಅದನ್ನ ಕತ್ತರಿಸಿದೋರು ಹೆಸರಷ್ಟೇ ಹೋಯ್ತು ಅಂದ್ಕೊಂಡ್ರು. ಕಲ್ಲುಗಳಿಗೆ ಮೂಲೆ ಎಲ್ಲಿತ್ತು ಅಂತ ಇನ್ನೂ ನೆನಪಿದೆ.”

ಚೂಡಾಮಣಿ ಖಾಲಿ ಲೋಟವನ್ನು ಮೇಜಿನ ಮೇಲಿಟ್ಟಳು. ಅರ್ಧ ಹೂವು ಕಂಡದ್ದು ತನಗೆ, ನಿಜ. ಇಡೀ ಹೂವು ಈ ಹುಡುಗಿಯದೇ. ತನ್ನ ಹೊಟ್ಟೆಯಲ್ಲಿ ಹುಟ್ಟದ ಮಗುವಿನ ಬಗ್ಗೆ ಇಷ್ಟು ಹೆಮ್ಮೆಪಡುವುದು ತಪ್ಪೇನಲ್ಲ ಎಂದುಕೊಂಡಳು.

ರಾಮಾನುಜರೂ ಸ್ವಾಭಿಮಾನಿ. ಊರಿನ ಎಷ್ಟೋ ಹಳೆಯ ಮನೆಗಳನ್ನು ಬೀಳದಂತೆ ನಿಲ್ಲಿಸಿದ ಕೈ ಅವರದು. ಅವರು ಎದ್ದು ಗೋಡೆಯ ಬಳಿ ಹೋದರು. ತಮ್ಮ ಮುದ್ರೆಯಿದ್ದ ಹಾಳೆಯನ್ನು ತಾವೇ ಇಳಿಸಿ ಸುರುಳಿ ಸುತ್ತಿದರು.

“ಇದನ್ನ ನಾನು ನಿನಗೆ ಕಲಿಸಿರಲಿಲ್ಲ,” ಎಂದರು.

“ಇಲ್ಲ ಸರ್. ಕಲ್ಲು ನೋಡೋದು ಕಲಿಸಿದ್ರಿ. ಮಿಕ್ಕಿದ್ದು ನಾನೇ ಕಲ್ತೆ.”

“ಡ್ರಾಯಿಂಗ್ ತಂದುಕೊಟ್ಟಿದ್ದು ಆಕರ್ಷ. ನನ್ನ ಜೂನಿಯರ್. ಹಳೇ ಫೋಲ್ಡರಲ್ಲಿ ಸಿಕ್ತು, ಧೃತಿ ಇದ್ದಾಗ ಮಾಡಿದ್ದು ಅಂದ. ನಾನು ನಂಬಿದೆ. ನಂಬೋಕೆ ಸುಲಭವಾಗಿತ್ತು. ಅಷ್ಟು ಚೆನ್ನಾಗಿದ್ದದ್ದು ನನ್ನ ಆಫೀಸಿಂದಲ್ಲದೆ ಇನ್ನೆಲ್ಲಿಂದ ಬರುತ್ತೆ ಅಂದ್ಕೊಂಡೆ.”

“ಆಕರ್ಷ ಎಲ್ಲಿ ಈಗ?” ಚೂಡಾಮಣಿ ಕೇಳಿದಳು.

“ಬೆಳಗ್ಗೆಯಿಂದ ಫೋನ್ ತೆಗೀತಿಲ್ಲ.”

ಅಲ್ಲಿಗೆ ಕಳ್ಳ ಸಿಕ್ಕಿದ ಹಾಗಾಯಿತೆ? ಚೂಡಾಮಣಿಗೆ ಸಮಾಧಾನವಾಗಲಿಲ್ಲ. ಮಹಡಿ ಕೋಣೆಯ ಬೀಗ ಮುರಿದಿರಲಿಲ್ಲ. ಮಲ್ಲೇಶ್ವರದಲ್ಲಿ ಕೂತ ಆಕರ್ಷನಿಗೆ ಹನುಮಂತನಗರದ ಆ ಮನೆಯ ದಾರಿ ತೋರಿಸಿದವರು ಯಾರು? ಧೃತಿ ಇಂಥದೊಂದು ಚಿತ್ರ ಮಾಡುತ್ತಿದ್ದಾಳೆ ಎಂದಾದರೂ ಅವನಿಗೆ ಹೇಗೆ ಗೊತ್ತಾಯಿತು?

“ವರಾಂಡಾ ನೆಲ ಒಂದು ಉಳೀತು,” ಎನ್ನುತ್ತ ಧೃತಿ ರಾಮಾನುಜರ ಚಿತ್ರವನ್ನು ಹಿಗ್ಗಿಸಿದಳು. “ಅದನ್ನೂ ತೋರಿಸಿಬಿಡ್ತೀನಿ, ಆಮೇಲೆ ಯಾರೂ…”

ಅಚ್ಚಾದ ಹಾಳೆಯಲ್ಲಿ ವರಾಂಡಾ ಹೊಂಗೆಯ ನೆರಳಿನಲ್ಲಿ ಕಪ್ಪಾಗಿ ಮುಚ್ಚಿಹೋಗಿತ್ತು. ಪರದೆಯ ಮೇಲೆ ಹಿಗ್ಗಿದಾಗ ನೆರಳಿನೊಳಗಿಂದ ಕೆಂಪು ನೆಲ ಎದ್ದುಬಂತು. ನುಣುಪಾದ ಗಾರೆ ನೆಲ. ಅದರ ಮೇಲೆ ಅಲ್ಲಲ್ಲಿ ನಕ್ಷತ್ರದಂಥ ಸಣ್ಣ ಬಿರುಕು.

“ಏ! ಅದು ನಮ್ಮ ಅಡುಗೆಮನೆ ನೆಲ ಕಣೇ!” ದಾಕ್ಷಾಯಣಮ್ಮ ಕೂಗಿಯೇಬಿಟ್ಟರು. ಮುಖ ಹಿಗ್ಗಿ ಹೂವಾಗಿತ್ತು. “ಕುಟ್ಟಾಣಿ ಕೈಜಾರಿ ಬಿದ್ದಾಗ ಆದ ಗುರುತು. ನೋಡ್ರೀ ಚೂಡಾಮಣಿ, ನನ್ನ ಅಡುಗೆಮನೇನ ತಗೊಂಡು ಹೋಗಿ ಲೈಬ್ರರಿಗೆ ಹಾಸಿದಾಳೆ ನನ್ನ ಮಗಳು!”

ಧೃತಿ ನಗಲಿಲ್ಲ. ಮೌಸ್ ಹಿಡಿದ ಕೈ ಹಾಗೇ ನಿಂತಿತ್ತು.

“ಅಮ್ಮಾ, ಈ ನೆಲ ನಾನು ಇಲ್ಲಿಗೆ ಕೊಟ್ಟ ಡ್ರಾಯಿಂಗಲ್ಲಿ ಇಲ್ಲ.”

“ಯಾಕಿಲ್ಲ? ನಾನು ನೋಡಿದೀನಿ.”

“ನೀನು ನೋಡಿದ್ದು ಮೊದಲನೇದು. ಬಿರುಕು ಮತ್ತೆ ಮತ್ತೆ ಬಂದು ಕಣ್ಣಿಗೆ ಹೊಡೀತಿತ್ತು. ತೆಗೆದು ಬೇರೆ ನೆಲ ಹಾಕಿದೆ.” ಧೃತಿ ನಿಧಾನವಾಗಿ ತಾಯಿಯ ಕಡೆ ತಿರುಗಿದಳು. “ಈ ನೆಲ ಇದ್ದದ್ದು ಒಂದೇ ಒಂದು ಸಿ.ಡಿ.ಲಿ. ಅದನ್ನ ನಿನಗೆ ಕೊಟ್ಟಿದ್ದೆ. ಇಟ್ಕೋ, ನಿನ್ನ ಅಡುಗೆಮನೆ ಇದೆ ಅಂತ.”

ಹೂವಾಗಿದ್ದ ಮುಖ ಎಲ್ಲರ ಕಣ್ಣೆದುರಿಗೇ ಬಾಡಿತು. ಚೂಡಾಮಣಿ ತನ್ನ ಕುರ್ಚಿ ಬಿಟ್ಟು ಬಂದು ದಾಕ್ಷಾಯಣಮ್ಮನ ಪಕ್ಕದಲ್ಲಿ ಕೂತಳು. ಅವರ ಕೈ ಹಿಡಿದುಕೊಂಡಳು. ತಣ್ಣಗಿತ್ತು.

“ಆ ಸಿ.ಡಿ. ಎಲ್ಲಿದೆ ದಾಕ್ಷಾಯಣಮ್ಮ?”

“ನನ್ನ ಹತ್ರಾನೇ ಇದೆ. ದೇವರ ಗೂಡಲ್ಲಿ.”

“ಯಾರಿಗಾದ್ರೂ ಕೊಟ್ಟಿದ್ರಾ? ಒಂದು ದಿನದ ಮಟ್ಟಿಗಾದ್ರೂ?”

“ಕೊಟ್ಟಿದ್ದೆ.” ದನಿ ಒಡೆಯಿತು. “ಅವರಾಗೇ ಕೇಳಿದ್ರು. ಮಗಳು ಏನು ಮಾಡಿದಾಳೆ ನೋಡೋಣ ಅಂದ್ರು. ನನಗೂ ತೋರಿಸೋ ಆಸೆ. ಇಷ್ಟು ವರ್ಷ ಇವಳನ್ನ ನೋಡಿ, ಮದುವೆ ಯಾವಾಗ ಅಂತ ಕೇಳ್ತಿದ್ದೋರೇ ಎಲ್ಲಾ. ಕೆಲಸ ಏನು ಅಂತ ಕೇಳಿದ ಮೊದಲ್ನೇ ಮನುಷ್ಯ ಅವರು. ಹೆಮ್ಮೆಯಿಂದ ಕೊಟ್ಟೆ ಕಣ್ರೀ. ಮಾರನೇ ದಿನ ವಾಪಸ್ ತಂದುಕೊಟ್ಟು, ಚಿನ್ನದಂಥ ಮಗಳು ಅಂದ್ರು.”

“ಯಾರು?”

ದಾಕ್ಷಾಯಣಮ್ಮ ತಲೆ ಎತ್ತಿದರು. ಅವರ ನೋಟ ಸುರುಳಿ ಹಿಡಿದು ನಿಂತಿದ್ದ ರಾಮಾನುಜರನ್ನು ದಾಟಿತು. ಮೇಜಿನ ತುದಿಯ ಅಧ್ಯಕ್ಷರ ಕುರ್ಚಿಯ ಕಡೆ ಹೋಯಿತು. ಚೂಡಾಮಣಿಯೂ ಅತ್ತ ತಿರುಗಿದಳು.

ರೇವಣಸಿದ್ದಯ್ಯನವರು ತಮ್ಮ ಕುರ್ಚಿಯಲ್ಲಿರಲಿಲ್ಲ.

ಅವರು ಲ್ಯಾಪ್‌ಟಾಪಿನ ಬಳಿ ಬಂದು ನಿಂತಿದ್ದರು. ಎಲ್ಲರ ಕಣ್ಣೂ ಒಬ್ಬ ತಾಯಿಯ ಮುಖದ ಮೇಲಿದ್ದಾಗ, ಅವರ ಹೆಬ್ಬೆರಳು ಯಂತ್ರದ ಪಕ್ಕದಲ್ಲಿದ್ದ ಕಡಲೆಕಾಳಿನಷ್ಟು ಸಣ್ಣ ಗುಂಡಿಯನ್ನು ಹುಡುಕದೆಯೇ ಒತ್ತಿತ್ತು. ತಟ್ಟೆ ಹೊರಬಂದಿತ್ತು. ಧೃತಿಯ ಸಿ.ಡಿ. ಈಗ ಅವರ ಕೈಯಲ್ಲಿತ್ತು.

ಇವತ್ತಿನವರೆಗೂ ಕಂಪ್ಯೂಟರ್ ಮುಟ್ಟಿದವನಲ್ಲ ಎಂದಿದ್ದ ಆ ಕೈ, ಹೊಳೆಯುವ ಮೈಗೆ ಬೆರಳು ತಾಗದಂತೆ, ಅಂಚನ್ನಷ್ಟೇ ಹಿಡಿದಿತ್ತು. ವರ್ಷಗಟ್ಟಲೆ ಅಭ್ಯಾಸವಿದ್ದವರು ಹಿಡಿಯುವ ಹಾಗೆ.